ನ್ಯೂ ಟೌನಿನಿಂದ ನಂಪುಲಾಕ್ಕೆ: ಒಂದು ಭಾಷೆ ಕಲಿತ ದಿನಗಳು

ನಮ್ಮ ಭದ್ರಾವತಿಯಲ್ಲಿ ಯಾರಾದರೂ ವಿದೇಶಕ್ಕೆ ಹೊರಟರೆ ಜನ ಕೇಳುವುದು ಎರಡೇ ಪ್ರಶ್ನೆ. ಯಾವ ದೇಶ? ತಿಂಗಳಿಗೆ ಎಷ್ಟು? ಸೌದಿ, ದುಬೈ, ಕತಾರ್ ಎಂದರೆ ಎರಡನೆಯ ಪ್ರಶ್ನೆಗೆ ಉತ್ತರ ಹೇಳುವ ಅಗತ್ಯವೂ ಇರುವುದಿಲ್ಲ. ಕೇಳಿದವರೇ ಮನಸ್ಸಿನಲ್ಲಿ ಲೆಕ್ಕ ಹಾಕಿಕೊಳ್ಳುತ್ತಾರೆ. 2018ರಲ್ಲಿ ನಾವು ಗಂಡ ಹೆಂಡತಿ ಇಬ್ಬರೂ ಹೊರಟು ನಿಂತಾಗ ನಮ್ಮ ಉತ್ತರ ಕೇಳಿ ಜನರಿಗೆ ಗೊಂದಲವಾಯಿತು. ದೇಶ: ಮೊಜಾಂಬಿಕ್. ಸಂಬಳ: ಇಲ್ಲ. ಊಟ, ವಸತಿ, ಕೈಖರ್ಚಿಗೆ ಒಂದಿಷ್ಟು. ಮೊದಲ ಆರು ತಿಂಗಳು ತರಬೇತಿ ಮತ್ತು ಪೋರ್ಚುಗೀಸ್ ಭಾಷೆಯ ಕಲಿಕೆ, ಆ ಮೇಲೆ ಒಂದು ವರ್ಷ ಹಳ್ಳಿಗಾಡಿನಲ್ಲಿ ಸ್ವಯಂಸೇವೆ. "ಐವತ್ತರ ಹತ್ತಿರ ಬಂದ ಮೇಲೆ ಇದೆಂಥ ಹುಚ್ಚು?" ಎಂದು ಬಂಧುಗಳು ಮುಖದ ಮೇಲೆಯೇ ಕೇಳಿದರು. ಕೇಳದವರು ಹಿಂದಿನಿಂದ ಆಡಿಕೊಂಡರು.

ನಮ್ಮಲ್ಲಿ ಒಬ್ಬರು ನರ್ಸ್. ಇನ್ನೊಬ್ಬರು ಐಟಿಐಯಲ್ಲಿ ಫಿಟ್ಟರ್ ವಿಭಾಗದ ಬೋಧಕರು. ಮಗಳ ಮದುವೆಯಾಗಿತ್ತು, ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದ. ನ್ಯೂ ಟೌನಿನ ಮನೆಯಲ್ಲಿ ಉಳಿದದ್ದು ನಾವಿಬ್ಬರು ಮತ್ತು ಅಮ್ಮಿ. ಅಬ್ಬಾ ಉಕ್ಕಿನ ಕಾರ್ಖಾನೆಯ ಫೌಂಡ್ರಿಯಲ್ಲಿ ದುಡಿದು ನಿವೃತ್ತರಾದವರು. ನಾವು ಹೊರಡುವ ನಾಲ್ಕು ವರ್ಷ ಮೊದಲೇ ತೀರಿಕೊಂಡಿದ್ದರು.

ನ್ಯೂ ಟೌನ್ ಎಂಬುದು ಹೊರಗಿನಿಂದ ಬಂದವರೇ ಕಟ್ಟಿದ ಊರು. ಬೆಂಕಿಪುರ ಎಂಬ ಹಳೆಯ ಹೆಸರಿನ ಈ ಊರಿನಲ್ಲಿ ಭದ್ರಾ ನದಿಯ ದಡದ ಮೇಲೆ ಕಬ್ಬಿಣದ ಕಾರ್ಖಾನೆ ಆರಂಭವಾಗಿ 1923ರಲ್ಲಿ ಮೊದಲ ಬೀಡುಕಬ್ಬಿಣ ಹರಿಯಿತು. ಅದರ ಸುತ್ತ ಕ್ವಾರ್ಟರ್ಸ್‌ಗಳೆದ್ದವು. ಕನ್ನಡದವರ ಪಕ್ಕದಲ್ಲಿ ತಮಿಳರು, ಅವರ ಪಕ್ಕ ತೆಲುಗರು, ಎದುರಿನ ಸಾಲಿನಲ್ಲಿ ಮಲಯಾಳಿಗಳು, ನಡುವೆ ದಖ್ಖನಿ ಉರ್ದು ಮಾತಾಡುವ ನಾವು. ಪಕ್ಕದ ಮನೆಯ ತಮಿಳು ಅಮ್ಮನೊಂದಿಗೆ ನಮ್ಮ ಅಮ್ಮಿ ಮೂವತ್ತು ವರ್ಷ ಯಾವ ಭಾಷೆಯಲ್ಲಿ ಮಾತಾಡಿದರೆಂದು ಯಾರೂ ಹೇಳಲಾರರು. ಅರ್ಧ ಕನ್ನಡ, ಕಾಲು ತಮಿಳು, ಉಳಿದದ್ದು ಕೈಸನ್ನೆ. ಅಷ್ಟರಲ್ಲೇ ಅವರು ಎರಡು ಬಾಣಂತನ, ಒಂದು ಸಾವು, ಲೆಕ್ಕವಿಲ್ಲದಷ್ಟು ಸಾಲಗಳನ್ನು ನಿಭಾಯಿಸಿದ್ದರು. ಹಾಗಾಗಿ ಭಾಷೆ ಎಂದರೆ ನಮಗೆ ಭಯವಿರಲಿಲ್ಲ.

ಭಯ ಇದ್ದದ್ದು ಅಮ್ಮಿಯ ಪ್ರಶ್ನೆಗೆ. "ಇಲ್ಲಿ ಬಡವರಿಲ್ಲವಾ? ರೋಗಿಗಳಿಲ್ಲವಾ? ಸಮುದ್ರ ದಾಟಿಯೇ ಸವಾಬು ಸಂಪಾದಿಸಬೇಕಾ?" ಎಂದು ಅವರು ಕೇಳಿದರು. ನೆರೆಯ ಹಿರಿಯರೊಬ್ಬರು "ಮನೆಗೆ ಮಾರಿ, ಪರರಿಗೆ ಉಪಕಾರಿ" ಎಂಬ ಗಾದೆಯನ್ನು ನಗುತ್ತಲೇ ಎಸೆದರು. ಇದಕ್ಕೆ ಸುಲಭದ ಉತ್ತರವಿಲ್ಲ. ಕಾರ್ಖಾನೆ ದಿನದಿಂದ ದಿನಕ್ಕೆ ಸೊರಗುತ್ತಿತ್ತು. ಪಕ್ಕದ ಕಾಗದದ ಕಾರ್ಖಾನೆಯಲ್ಲಿ ಕೆಲಸ ಆಗಲೇ ನಿಂತುಹೋಗಿತ್ತು. ಐಟಿಐ ಮುಗಿಸಿದ ಹುಡುಗರು ಕೆಲಸಕ್ಕಾಗಿ ಬೆಂಗಳೂರಿನ ಬಸ್ಸು ಹತ್ತುತ್ತಿದ್ದರು. ಇಂಥ ಊರನ್ನು ಬಿಟ್ಟು ಬೇರೆ ಊರಿನ ಮಕ್ಕಳಿಗೆ ಅರ ಹಿಡಿಯುವುದನ್ನು ಕಲಿಸಲು ಹೋಗುವುದು ಸರಿಯೇ? ನಾವು ಅಮ್ಮಿಗೆ ವಾದ ಹೂಡಲಿಲ್ಲ. ಒಂದೂವರೆ ವರ್ಷ, ಅಷ್ಟೇ ಎಂದೆವು. ನಾದಿನಿ ಬಂದು ಅಮ್ಮಿಯ ಜೊತೆಗಿರಲು ಒಪ್ಪಿದ ಮೇಲೆಯೇ ಟಿಕೆಟ್ ಮಾಡಿಸಿದ್ದು.

ಮಪುಟೊ ನಗರದಲ್ಲಿ ಇಳಿದದ್ದು ಆಗಸ್ಟ್ ತಿಂಗಳಲ್ಲಿ. ನಮ್ಮಲ್ಲಿ ಮಳೆಗಾಲವಾದರೆ ಅಲ್ಲಿ ಚಳಿಗಾಲದ ಕೊನೆ. 1976ರವರೆಗೆ ಈ ಊರಿನ ಹೆಸರು ಲೊರೆನ್ಸು ಮಾರ್ಕೆಶ್ ಎಂದಿತ್ತು. 1975ರ ಜೂನ್ 25ರಂದು ದೇಶ ಸ್ವತಂತ್ರವಾದ ಮೇಲೆ ಊರಿನ ಹೆಸರೂ ಬೀದಿಗಳ ಹೆಸರೂ ಬದಲಾದವು. ಕಾರ್ಲ್ ಮಾರ್ಕ್ಸ್ ರಸ್ತೆ, ಲೆನಿನ್ ರಸ್ತೆ, ಹೊ ಚಿ ಮಿನ್ ರಸ್ತೆ, ಜೂಲಿಯಸ್ ನೈರೆರೆ ರಸ್ತೆ. ಕೆಳಪೇಟೆಯಲ್ಲಿ ಮಾತ್ರ ಒಂದು ಹಳೆಯ ಮಸೀದಿಯೂ ಅದರ ಹೆಸರಿನ ಬೀದಿಯೂ ಹಾಗೆಯೇ ಇವೆ. ಶುಕ್ರವಾರ ಅಲ್ಲಿಗೆ ಹೋದರೆ ಗುಜರಾತಿ ಮೂಲದವರು, ಆಫ್ರಿಕನ್ನರು, ಬೇರೆ ದೇಶಗಳಿಂದ ಬಂದವರು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ತರಬೇತಿ ಕೇಂದ್ರ ಇದ್ದದ್ದು ಪಕ್ಕದ ಮತೋಲಾ ಊರಿನ ಹೊರಗೆ. ಹದಿನಾರು ಜನ ಕಲಿಯುವವರು. ಜಾಂಬಿಯಾದವರು, ಬ್ರೆಜಿಲ್‌ನವರು, ಮೊಜಾಂಬಿಕ್‌ನ ಬೇರೆ ಬೇರೆ ಪ್ರಾಂತಗಳ ಯುವಕ ಯುವತಿಯರು. ನಾವೇ ಎಲ್ಲರಿಗಿಂತ ಹಿರಿಯರು, ಭಾಷೆಯಲ್ಲಿ ಎಲ್ಲರಿಗಿಂತ ಕಿರಿಯರು. ಬೆಳಗಿನ ಐದಕ್ಕೆ ಏಳುವುದು. ಅಂಗಳ ಗುಡಿಸುವುದು, ನೀರು ತುಂಬಿಸಿಡುವುದು, ತರಕಾರಿ ಪಾತಿಗಳಿಗೆ ನೀರುಣಿಸುವುದು ಎಲ್ಲವೂ ಸರದಿಯ ಮೇಲೆ. ಎಂಟರಿಂದ ಹನ್ನೆರಡರವರೆಗೆ ಭಾಷೆಯ ಪಾಠ. ಮಧ್ಯಾಹ್ನದ ಮೇಲೆ ಆರೋಗ್ಯ, ಶುಚಿತ್ವ, ಮಲೇರಿಯಾ, ಎಚ್‌ಐವಿ, ಸಮುದಾಯದ ಸಭೆ ನಡೆಸುವ ಬಗೆ. ರಾತ್ರಿ ಊಟದ ನಂತರ ಆ ದಿನ ಕಲಿತ ಪದಗಳ ಉರು. ವಿದ್ಯುತ್ ಹೋದರೆ ಮೇಣದ ಬತ್ತಿಯಲ್ಲಿ ಉರು. ಅಲ್ಲಿ ಸಂಜೆ ಏಳಾದರೆ ನಮ್ಮ ಊರಿನಲ್ಲಿ ರಾತ್ರಿ ಹತ್ತೂವರೆ. ಆದ್ದರಿಂದ ಅಮ್ಮಿಗೆ ಫೋನು ಮಾಡುವುದು ಮಧ್ಯಾಹ್ನದ ಬಿಡುವಿನಲ್ಲೇ.

ಊಟದ ವಿಷಯದಲ್ಲಿ ನಮಗೆ ಕಷ್ಟವಾಗಲಿಲ್ಲ. ಅಲ್ಲಿನ ಮುಖ್ಯ ಆಹಾರ ಶೀಮಾ. ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಕೋಲಿನಿಂದ ತಿರುವಿ ಮಾಡುವುದು. ರಾಗಿಯ ಬದಲು ಜೋಳ, ಅಷ್ಟೇ ವ್ಯತ್ಯಾಸ. ಮುದ್ದೆ ತಿರುವಿದ ಕೈಗೆ ಹೊಸದೇನಲ್ಲ. ಅದರೊಂದಿಗೆ ಮತಾಪಾ: ಮರಗೆಣಸಿನ ಎಳೆಯ ಎಲೆಗಳನ್ನು ಒರಳಿನಲ್ಲಿ ಕುಟ್ಟಿ, ಕಡಲೆಕಾಯಿ ಪುಡಿ ಮತ್ತು ತೆಂಗಿನ ಹಾಲು ಹಾಕಿ ಬೇಯಿಸಿದ ಪಲ್ಯ. ಬೀದಿಯಲ್ಲಿ ಬನ್ನಿನಂಥ ಬ್ರೆಡ್ಡಿನೊಳಗೆ 'ಬಾಜಿಯಾ' ಇಟ್ಟು ಮಾರುತ್ತಾರೆ. ಅದು ನಮ್ಮ ಬಜ್ಜಿಯ ತಮ್ಮ. 'ಶಮುಸಾ' ಎಂದರೆ ಸಮೋಸಾ. ಬೆಳಗಿನ ತಿಂಡಿಗೆ ಅವರು ಹೇಳುವ ಪದ 'ಮಾತಾ ಬೀಶು', ಎಂದರೆ ಹುಳ ಕೊಲ್ಲುವುದು. ಹೊಟ್ಟೆಯ ಹುಳ ತಣ್ಣಗಾಗಲಿ ಎಂದು ನಮ್ಮಲ್ಲೂ ಹೇಳುವುದುಂಟಲ್ಲ! ಸಂತೆಯಲ್ಲಿ ಟೊಮೆಟೊ ಕೊಂಡ ಮೇಲೆ 'ಬಸೇಲಾ' ಎಂದು ಕೇಳಿದರೆ ಮಾರುವ ಹೆಂಗಸು ನಕ್ಕು ಇನ್ನೆರಡು ಹಾಕುತ್ತಾಳೆ. ಅದು ನಮ್ಮ ಕೊಸರು. ಆ ಒಂದು ಪದ ಬಂದ ದಿನ ನಮಗೆ ಆ ಊರಿನಲ್ಲಿ ಕಾಲೂರಿದ ಭಾವನೆ ಬಂತು.

ಭಾಷೆಯ ಪಾಠಕ್ಕೆ ಬರೋಣ. ಪಾಠ ಹೇಳುತ್ತಿದ್ದವರು ಅರವತ್ತು ದಾಟಿದ ನಿವೃತ್ತ ಶಾಲಾ ಶಿಕ್ಷಕಿ. ಎಲ್ಲರೂ ಅವರನ್ನು 'ಪ್ರೊಫೆಸ್ಸೋರಾ' ಎಂದೇ ಕರೆಯುತ್ತಿದ್ದರು. ಅಲ್ಲಿ ಶಾಲೆಯ ಟೀಚರಿಗೂ ಅದೇ ಪದ. ಮೊದಲ ದಿನವೇ ಅವರು ಹೇಳಿದ್ದು, ಇಂಗ್ಲಿಷನ್ನು ಬಾಗಿಲಿನ ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬನ್ನಿ ಎಂದು. ನಮಗೆ ಅದು ಒಳ್ಳೆಯದೇ ಆಯಿತು. ಪೋರ್ಚುಗೀಸ್ ವ್ಯಾಕರಣ ಇಂಗ್ಲಿಷಿಗಿಂತ ಕನ್ನಡಕ್ಕೆ ಹತ್ತಿರ ಎಂದು ಕೆಲವೇ ದಿನಗಳಲ್ಲಿ ತಿಳಿಯಿತು. 'ಮಾತಾಡುತ್ತೇನೆ' ಎಂದರೆ ಸಾಕು, ನಾನು ಎಂದು ಬೇರೆ ಹೇಳಬೇಕಿಲ್ಲ. ಕ್ರಿಯಾಪದದ ಬಾಲದಲ್ಲೇ ಆಡುವವರು ಯಾರೆಂಬುದು ಇದೆ. ಅವರ 'ಫಾಲು' ಕೂಡ ಹಾಗೆಯೇ. 'ಫಲಾಮುಶ್' ಎಂದರೆ ಮಾತಾಡುತ್ತೇವೆ. ಜಾಂಬಿಯಾದ ಗೆಳೆಯರು ಇಂಗ್ಲಿಷಿನ ಜಾಡಿನಲ್ಲಿ ಪ್ರತಿ ವಾಕ್ಯಕ್ಕೂ ನಾನು, ನಾವು ಸೇರಿಸುತ್ತಿದ್ದರು. ನಾವು ಕನ್ನಡದ ಜಾಡಿನಲ್ಲಿ ಸಲೀಸಾಗಿ ನಡೆದೆವು.

ವಸ್ತುಗಳಿಗೂ ಗಂಡು ಹೆಣ್ಣು ಎಂಬ ಲಿಂಗಭೇದ ಬಂದಾಗ ಕನ್ನಡ ಕೈಬಿಟ್ಟಿತು, ಉರ್ದು ಕೈಹಿಡಿಯಿತು. ಮೇಜಿಗೆ ಅವರು 'ಮೇಜಾ' ಎನ್ನುತ್ತಾರೆ, ಸ್ತ್ರೀಲಿಂಗ. ಉರ್ದುವಿನ ಮೇಜೂ ಸ್ತ್ರೀಲಿಂಗ. ಬೀಗದ ಕೈಗೆ 'ಶಾವ್', ಸ್ತ್ರೀಲಿಂಗ. ನಮ್ಮ ಚಾಬಿಯೂ ಹಾಗೆಯೇ. ಅಂಗಿಗೆ 'ಕಮೀಜಾ', ಸ್ತ್ರೀಲಿಂಗ. ನಮ್ಮ ಕಮೀಜೂ ಹಾಗೆಯೇ. ಸೋಪಿಗೆ 'ಸಬಾಂವ್', ಪುಲ್ಲಿಂಗ, ಸಾಬೂನೂ ಪುಲ್ಲಿಂಗ. ಎಲ್ಲ ಪದಗಳೂ ಹೀಗೆ ಹೊಂದುವುದಿಲ್ಲ. ಆದರೆ ಅಡುಗೆಮನೆ ಮತ್ತು ಬಟ್ಟೆಯ ಗಂಟಿನ ಮಟ್ಟಿಗೆ ಅಮ್ಮಿಯ ಉರ್ದು ನಮ್ಮನ್ನು ಕಾಪಾಡಿತು. ಮೂಗಿನಲ್ಲಿ ಹೊರಡಬೇಕಾದ 'ಆಂವ್' ಎಂಬ ಸ್ವರಕ್ಕೂ ಉರ್ದುವಿನ ಅನುನಾಸಿಕವೇ ನೆರವಾಯಿತು.

ಹೆಚ್ಚು ಯೋಚಿಸುವಂತೆ ಮಾಡಿದ್ದು 'ಇರು' ಎಂಬುದಕ್ಕೆ ಅಲ್ಲಿರುವ ಎರಡು ಕ್ರಿಯಾಪದಗಳು. ಸ್ವಭಾವದಲ್ಲಿ, ಗುರುತಿನಲ್ಲಿ ಇರುವುದಕ್ಕೆ 'ಸೇರ್'. ಸದ್ಯದ ಸ್ಥಿತಿಗೆ 'ಇಶ್ತಾರ್'. ಭಾರತೀಯರು ಎನ್ನಲು ಮೊದಲನೆಯದು. ದಣಿದಿದ್ದೇವೆ ಎನ್ನಲು ಎರಡನೆಯದು. ಪ್ರೊಫೆಸ್ಸೋರಾ ಹೇಳಿದರು: "ಮನುಷ್ಯ ಬಡವನಾಗಿರುವುದಕ್ಕೆ ನಮ್ಮ ಭಾಷೆಯಲ್ಲಿ ಜನ ಮೊದಲನೆಯ ಕ್ರಿಯಾಪದವನ್ನೇ ಬಳಸುತ್ತಾರೆ. ಹಸಿದಿರುವುದಕ್ಕೆ ಎರಡನೆಯದನ್ನು. ಸ್ವಯಂಸೇವಕರಾದ ನೀವು ಬಡತನವನ್ನೂ ಎರಡನೆಯದರಲ್ಲಿ ಯೋಚಿಸಿ." ವ್ಯಾಕರಣದ ಪಾಠದಲ್ಲಿ ಇಂಥ ಮಾತು ಕೇಳುತ್ತೇವೆಂದು ನಾವು ನಿರೀಕ್ಷಿಸಿರಲಿಲ್ಲ.

ಪದಗಳ ಪಟ್ಟಿ ಬೆಳೆಯುತ್ತ ಹೋದಂತೆ ಅದರಲ್ಲಿ ಅರ್ಧ ನಮ್ಮ ಮನೆಯ ಸಾಮಾನುಗಳೇ ಕಾಣತೊಡಗಿದವು. ಅಲಮಾರು, ಚಾವಿ, ಪೀಪಾಯಿ, ಬಟಾಟೆ, ಅನಾನಸು, ತಂಬಾಕು, ಪಾದ್ರಿ, ಇಗರ್ಜಿ, ಉತ್ತರ ಕರ್ನಾಟಕದ ಲಿಲಾವು. ಕಟ್ಟಡ ಕಟ್ಟುವ ಮೇಸ್ತ್ರಿ ಪೋರ್ಚುಗೀಸರ 'ಮೆಶ್ತ್ರ್'. ತಿಂಗಳ ಪಗಾರ ಅವರ 'ಪಗಾರ್', ಕೊಡುವುದು. ಪಪ್ಪಾಯಿಯನ್ನು ನಾವು ಪರಂಗಿ ಹಣ್ಣು ಎನ್ನುತ್ತೇವೆ; ತಂದವರ ಹೆಸರನ್ನೇ ಹಣ್ಣಿಗೆ ಅಂಟಿಸಿದ್ದೇವೆ. ನಾವು ಕೊಟ್ಟ ಪದಗಳೂ ಕಡಿಮೆಯೇನಲ್ಲ. ಮಾವಿಗೆ 'ಮಾಂಗಾ', ಹಲಸಿಗೆ 'ಜಾಕಾ' ಎಂಬ ಹೆಸರುಗಳು ಮಲಬಾರ್ ಕರಾವಳಿಯಿಂದಲೇ ಹೋದವು. ನಮ್ಮ ಶಿವಮೊಗ್ಗ ಜಿಲ್ಲೆಯ ಜೀವನಾಡಿಯಾದ ಅಡಿಕೆ, ಅದರ ಸೋದರಿ ಮಲಯಾಳದ ಅಡಕ್ಕ, ಪೋರ್ಚುಗೀಸರ ನಾಲಗೆಯಲ್ಲಿ 'ಅರೆಕಾ' ಆಗಿ ಯುರೋಪಿಗೆಲ್ಲ ಹಬ್ಬಿತು.

ಇನ್ನೊಂದು ಪಟ್ಟಿ ನಮಗೆ ಮತ್ತೂ ಬೆರಗು ತಂದಿತು. ಸಕ್ಕರೆಗೆ 'ಅಸುಕಾರ್', ಎಣ್ಣೆಗೆ 'ಅಜೇತ್', ಹತ್ತಿಗೆ 'ಅಲ್ಗುದಾಂವ್', ದರ್ಜಿಗೆ 'ಅಲ್ಫಯಾತ್', ಉಗ್ರಾಣಕ್ಕೆ 'ಅರ್ಮಜೇಂ', ಔಷಧದ ಪಾನಕಕ್ಕೆ 'ಶರೋಪ್', ಹೆಸರು ಹೇಳದ ವ್ಯಕ್ತಿಗೆ 'ಫುಲಾನು'. ಸುಕ್ಕರ್, ಜೈತ್, ಕುತ್ನ್, ಖಯ್ಯಾತ್, ಮಖ್ಜನ್, ಶರಾಬ್, ಫುಲಾನ್ ಎಂಬ ಅರಬಿ ಪದಗಳೇ ಇವು. ಕ್ರಿ.ಶ. 711ರಿಂದ 13ನೇ ಶತಮಾನದ ನಡುಭಾಗದವರೆಗೆ ಪೋರ್ಚುಗಲ್‌ನ ದಕ್ಷಿಣ ಭಾಗ ಮುಸ್ಲಿಮರ ಆಳ್ವಿಕೆಯಲ್ಲಿತ್ತು. ರಾಜರು ಹೋದರು, ಪದಗಳು ಉಳಿದವು. ಒಳ್ಳೆಯದಾಗಲಿ ಎಂದು ಹಾರೈಸಲು ಇಂದಿಗೂ ಪೋರ್ಚುಗೀಸರು 'ಒಶಲಾ' ಎನ್ನುತ್ತಾರೆ. ಅಲ್ಲಾಹನು ಇಚ್ಛಿಸಿದರೆ ಎಂಬುದರ ತುಣುಕು ಅದು. ಅದನ್ನು ಹೇಳುವವರಿಗೆ ಅದರ ಮೂಲದ ನೆನಪಿಲ್ಲ. ಸಕ್ಕರೆಯಂತೂ ನಮ್ಮ ದೇಶದಿಂದ ಹೊರಟು ಪರ್ಶಿಯಾ, ಅರಬಸ್ತಾನ ಸುತ್ತಿ ಪೋರ್ಚುಗಲ್ ತಲುಪಿ, ಆಫ್ರಿಕದಲ್ಲಿ ನಮ್ಮ ಚಹಾದ ಲೋಟಕ್ಕೇ ಮರಳಿ ಬಿದ್ದಿತ್ತು.

ಮಲೆನಾಡಿಗೂ ಈ ಭಾಷೆಗೂ ಇರುವ ನಂಟು ಬಹಳ ಹಳೆಯದು. 1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯೊಬ್ಬ ಹೊನ್ನಾವರ, ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟ ಹತ್ತಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದ. ಜೊತೆಯಲ್ಲಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ದಾರಿಯಲ್ಲಿ ಕಂಡ ಒಂದು ನೋಟವನ್ನು ಬರೆದಿಟ್ಟಿದ್ದಾನೆ: ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದರಂತೆ. ಮೂವತ್ತು ವರ್ಷಗಳ ನಂತರ, 1650ರ ದಶಕದಲ್ಲಿ, ಕೆಳದಿಯ ಶಿವಪ್ಪ ನಾಯಕ ಹೊನ್ನಾವರ, ಬಸರೂರು, ಗಂಗೊಳ್ಳಿಯ ಕೋಟೆಗಳನ್ನು ಪೋರ್ಚುಗೀಸರಿಂದ ಕಿತ್ತುಕೊಂಡ. ಅಕ್ಕಿಗೂ ಮೆಣಸಿಗೂ ಜಗಳವಾಡಿ, ಮತ್ತೆ ಒಪ್ಪಂದ ಮಾಡಿಕೊಂಡು ಬದುಕಿದ ಸಂಬಂಧ ಅದು. ಇದನ್ನು ತರಗತಿಯಲ್ಲಿ ಹರಕು ಮುರುಕು ಪೋರ್ಚುಗೀಸಿನಲ್ಲಿ ಹೇಳಿದಾಗ ಪ್ರೊಫೆಸ್ಸೋರಾ ಕೇಳಿದರು: "ಹಾಗಾದರೆ ನಿಮ್ಮ ರಾಜರು ಗೆದ್ದರು. ನಮ್ಮವರನ್ನು ಏನು ಮಾಡಿದರೆಂದು ಗೊತ್ತೇ?"

ಅವರೇ ಹೇಳಿದರು. ವಸಾಹತು ಆಳ್ವಿಕೆಯಲ್ಲಿ ಕರಿಯರಿಗೆ ನಾಗರಿಕ ಹಕ್ಕು ಬೇಕಿದ್ದರೆ ಪೋರ್ಚುಗೀಸ್ ಬಲ್ಲವರಾಗಿ, ಪೋರ್ಚುಗೀಸರಂತೆ ಬದುಕುವವರಾಗಿ 'ಅಸಿಮಿಲಾದು' ಎಂಬ ಮನ್ನಣೆ ಪಡೆಯಬೇಕಿತ್ತು. ಉಳಿದವರು 'ಇಂದಿಜೆನಾ'ಗಳು. ಈ ಭೇದವನ್ನು ಕಾನೂನಿನಿಂದ ತೆಗೆದದ್ದು 1961ರಲ್ಲಿ. ಮನೆಯ ಮಾತನ್ನು ಶಾಲೆಯಲ್ಲಿ ಆಡಿದ್ದಕ್ಕೆ ಅವರ ಅಂಗೈ ಬಾತುಕೊಂಡ ದಿನಗಳಿದ್ದವು. ಸ್ವಾತಂತ್ರ್ಯ ಬಂದ ಮೇಲೆ ಹೋರಾಟಗಾರರು ಅದೇ ಭಾಷೆಯನ್ನು ಆಡಳಿತ ಭಾಷೆಯಾಗಿ ಉಳಿಸಿಕೊಂಡರು. ಹತ್ತಾರು ಭಾಷೆಗಳ ದೇಶವನ್ನು ಒಂದಾಗಿ ಹಿಡಿಯಲು ಬೇರೆ ದಾರಿ ಕಾಣಲಿಲ್ಲ. "ಹೊಡೆದವನ ಕೋಲನ್ನೇ ಊರುಗೋಲು ಮಾಡಿಕೊಂಡೆವು" ಎಂದರು ಪ್ರೊಫೆಸ್ಸೋರಾ.

ಆ ದಿನ ನಾವು ಅವರಿಗೆ ಉತ್ತರ ಕನ್ನಡದ ಸಿದ್ದಿಗಳ ಬಗ್ಗೆ ಹೇಳಿದೆವು. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನಲ್ಲಿ ಬದುಕುವ ಇವರಲ್ಲಿ ಅನೇಕರ ಪೂರ್ವಿಕರನ್ನು ಪೋರ್ಚುಗೀಸರು ಪೂರ್ವ ಆಫ್ರಿಕದಿಂದ ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಕಾಡು ಸೇರಿದರು. ಇಂದು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕನ್ನಡ, ಕೊಂಕಣಿ ಮಾತಾಡುತ್ತಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಇದನ್ನು ಕೇಳಿ ತರಗತಿ ಮೌನವಾಯಿತು. ನಂಪುಲಾ ಪ್ರಾಂತದ ಹುಡುಗಿಯೊಬ್ಬಳು, "ಅವರನ್ನು ಅಲ್ಲಿ ಹೇಗೆ ನೋಡುತ್ತಾರೆ?" ಎಂದು ಕೇಳಿದಳು. ಅವಳ ಫೋನಿನಲ್ಲಿ ಹಳೆಯ ಸುದ್ದಿಯೊಂದಿತ್ತು. 2016ರ ಜನವರಿಯ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆಯ ಬಳಿ ಯಾರೋ ಮಾಡಿದ ಅಪಘಾತಕ್ಕೆ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆದ ಸುದ್ದಿ.

ನಾವು ಸುಳ್ಳು ಹೇಳಲಿಲ್ಲ. ನಮ್ಮಲ್ಲಿ ಬಣ್ಣದ ಬಗ್ಗೆ ಕೀಳುಭಾವವಿದೆ, ಮದುವೆಯ ಮಾತುಕತೆಯಿಂದ ಬಾಡಿಗೆ ಮನೆಯವರೆಗೂ ಇದೆ ಎಂದು ಒಪ್ಪಿಕೊಂಡೆವು. ಪೋರ್ಚುಗೀಸಿನಲ್ಲಿ ನಾವು ಆಡಿದ ಮೊದಲ ದೊಡ್ಡ ಮಾತು ಅದೇ. ಅಲ್ಲಿ ನಮ್ಮವರನ್ನು ಕರೆಯುವ 'ಮೊಞೆ' ಎಂಬ ತಾತ್ಸಾರದ ಪದವೊಂದಿದೆ. ಜಿಪುಣ ಅಂಗಡಿಯವ ಎಂಬ ಧ್ವನಿ ಅದರಲ್ಲಿದೆ. ಸಂತೆಯಲ್ಲಿ ನಮ್ಮ ಬೆನ್ನಿಗೂ ಅದು ಒಂದೆರಡು ಸಲ ಬಿದ್ದಿತ್ತು. ಅದು ಎಲ್ಲಿಂದ ಹುಟ್ಟಿತೆಂದು ಆ ಸಂಜೆ ನಮಗೆ ಚೆನ್ನಾಗಿ ತಿಳಿಯಿತು. ಮರುದಿನದಿಂದ ಆ ಹುಡುಗಿ ಪಾತ್ರೆ ತೊಳೆಯುವ ಸರದಿಯಲ್ಲಿ ನಮ್ಮ ಜೊತೆ ನಿಲ್ಲತೊಡಗಿದಳು. ನಮ್ಮ ಉಚ್ಚಾರ ತಿದ್ದುವುದು ತನ್ನ ಹೊಣೆ ಎಂಬಂತೆ ತಿದ್ದಿದಳು.

2019ರ ಮಾರ್ಚ್ 14ರ ರಾತ್ರಿ ಇದಾಯಿ ಚಂಡಮಾರುತ ಬೈರಾ ನಗರವನ್ನು ಅಪ್ಪಳಿಸಿತು. ಆರುನೂರಕ್ಕೂ ಹೆಚ್ಚು ಜನ ಆ ದೇಶವೊಂದರಲ್ಲೇ ಸತ್ತರು. ಬಯಲಿಗೆ ಬಯಲೇ ನೀರಾಗಿ ಜನ ಮರ, ಮಾಡುಗಳ ಮೇಲೆ ದಿನಗಟ್ಟಲೆ ಕುಳಿತರು. ನಾವಿದ್ದದ್ದು ಬಹು ದೂರ ದಕ್ಷಿಣದಲ್ಲಿ. ನಮ್ಮ ತರಬೇತಿ ಮುಗಿದು ಉತ್ತರಕ್ಕೆ ಹೋಗುವ ಕಾಗದಪತ್ರಗಳಿಗಾಗಿ ಕಾಯುತ್ತಿದ್ದೆವು. ಎರಡು ವಾರ ಬಂದ ಬಟ್ಟೆ, ಹಿಟ್ಟು, ಔಷಧ ವಿಂಗಡಿಸಿ ಮೂಟೆ ಕಟ್ಟಿ ಲಾರಿಗೆ ಹೇರಿದೆವು. ಭಾರತದ ನೌಕಾಪಡೆಯ ಹಡಗುಗಳು ಮೊದಲಿಗರಾಗಿ ಬೈರಾ ತಲುಪಿ ಜನರನ್ನು ರಕ್ಷಿಸಿದ ಸುದ್ದಿ ರೇಡಿಯೋದಲ್ಲಿ ಬಂದಾಗ ಪಕ್ಕದಲ್ಲಿದ್ದ ಹಮಾಲಿಯೊಬ್ಬ ನಮ್ಮ ಬೆನ್ನು ತಟ್ಟಿ "ಇಶ್ತಾಮುಶ್ ಜುಂತುಶ್" ಎಂದ. ಜೊತೆಗಿದ್ದೇವೆ ಎಂದು ಅದರ ಅರ್ಥ. ಅಲ್ಲಿಯ ಜನ ಬೀಳ್ಕೊಡುವಾಗ, ಧನ್ಯವಾದ ಹೇಳುವಾಗ, ಧೈರ್ಯ ತುಂಬುವಾಗ ಎಲ್ಲದಕ್ಕೂ ಇದನ್ನೇ ಹೇಳುತ್ತಾರೆ.

ಏಪ್ರಿಲಿನಲ್ಲಿ ನಂಪುಲಾ ಪ್ರಾಂತದ ಹಳ್ಳಿಯೊಂದಕ್ಕೆ ಹೋದೆವು. ಆ ಕರಾವಳಿಯಲ್ಲೇ ಮೊಜಾಂಬಿಕ್ ದ್ವೀಪವಿದೆ. ಅಲ್ಲಿದ್ದ ಮೂಸಾ ಬಿನ್ ಬೀಕ್ ಎಂಬ ಅರಬ ವರ್ತಕನ ಹೆಸರಿನಿಂದಲೇ ದೇಶಕ್ಕೆ ಹೆಸರು ಬಂತೆನ್ನುತ್ತಾರೆ. 1498ರಲ್ಲಿ ವಾಸ್ಕೊ ಡ ಗಾಮ ನಮ್ಮ ಕಡೆಗೆ ಬರುವ ಮುಂಚೆ ಅಲ್ಲಿ ಇಳಿದಿದ್ದ. ಮುಸ್ಲಿಮರು ಹೆಚ್ಚಾಗಿರುವ ಸೀಮೆ. ಇನ್ನೂ ಉತ್ತರದ ಕಾಬು ದೆಲ್ಗಾದುವಿನಲ್ಲಿ 2017ರಿಂದ ಉಗ್ರರ ಹಿಂಸೆ ನಡೆದಿತ್ತು; ಅಮ್ಮಿ ಪ್ರತಿ ಫೋನಿನಲ್ಲೂ ಅದನ್ನೇ ಕೇಳುತ್ತಿದ್ದರು. ನಾವಿದ್ದ ಹಳ್ಳಿ ಶಾಂತವಾಗಿತ್ತು.

ಅಲ್ಲಿ ನಮಗೆ ಕಾದಿದ್ದ ಆಘಾತ ಬೇರೆಯೇ. ಆರು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಲಿತ ಪೋರ್ಚುಗೀಸ್ ಅಲ್ಲಿಯ ತಾಯಂದಿರಿಗೆ ಬರುತ್ತಿರಲಿಲ್ಲ. ದೇಶದಲ್ಲಿ ಸುಮಾರು ಅರ್ಧದಷ್ಟು ಜನರಿಗಷ್ಟೇ ಆ ಭಾಷೆ ಗೊತ್ತು. ಹಳ್ಳಿಯ ಹೆಂಗಸರಲ್ಲಿ ಇನ್ನೂ ಕಡಿಮೆ. ಅವರ ಮಾತು ಎಮಖುವಾ. ಆರೋಗ್ಯ ಕೇಂದ್ರದ ಗೋಡೆಯ ಮೇಲಿನ ಬರಹ, ಔಷಧದ ಚೀಟಿ, ಬಂದುಹೋಗುವ ಅಧಿಕಾರಿಯ ಭಾಷಣ ಎಲ್ಲವೂ ಪೋರ್ಚುಗೀಸಿನಲ್ಲಿ. ಎದುರು ಕುಳಿತ ತಾಯಿ ಮಾತ್ರ ಎಮಖುವಾದಲ್ಲಿ.

ಒಂದು ದಿನ ವಾಂತಿಭೇದಿಯಾದ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಎಳೆಯ ತಾಯಿಯೊಬ್ಬಳು ಬಂದಳು. ಓಆರ್‌ಎಸ್ ಪೊಟ್ಟಣ ಕೊಟ್ಟು, ಒಂದು ಲೀಟರ್ ಶುದ್ಧ ನೀರಿಗೆ ಪೂರ್ತಿ ಪೊಟ್ಟಣ ಹಾಕಬೇಕು, ತಿಳಿಯಿತೇ ಎಂದರೆ 'ಸೀಂ', ಹೌದು. ಆಗಾಗ ಸ್ವಲ್ಪ ಸ್ವಲ್ಪ ಕುಡಿಸಬೇಕು ಎಂದರೆ 'ಸೀಂ'. ಎದೆಹಾಲು ನಿಲ್ಲಿಸಬಾರದು ಎಂದರೆ 'ಸೀಂ'. ನಮ್ಮಲ್ಲಿ ನರ್ಸ್ ಆದವರಿಗೆ ಆ ತಲೆಯಾಡಿಸುವಿಕೆ ಬಹಳ ಪರಿಚಿತ. ಇಂಗ್ಲಿಷ್ ಬೆರೆಸಿ ಮಾತಾಡುವ ಡಾಕ್ಟರ ಮುಂದೆ ನಮ್ಮ ಕಡೆಯ ಹಳ್ಳಿಯ ಹೆಂಗಸರು ಹೀಗೆಯೇ ತಲೆಯಾಡಿಸುತ್ತಾರೆ. ಅದು ಅರ್ಥವಾಯಿತು ಎಂಬ ಹೌದಲ್ಲ, ಮರ್ಯಾದೆಯ ಹೌದು. ಆದ್ದರಿಂದ ಕೇಂದ್ರದಲ್ಲಿ ಕಸ ಗುಡಿಸುವ ಹೆಂಗಸನ್ನು ಕರೆದು, "ಮನೆಯಲ್ಲಿ ಹೇಗೆ ಮಾಡುತ್ತೀಯೆಂದು ಕೈಯಲ್ಲಿ ಮಾಡಿ ತೋರಿಸಲಿ" ಎಂದು ಹೇಳಿಸಿದೆವು. ತಾಯಿ ಒಂದು ಪ್ಲಾಸ್ಟಿಕ್ ಲೋಟ ತೆಗೆದುಕೊಂಡು ಪೂರ್ತಿ ಪೊಟ್ಟಣವನ್ನು ಅದಕ್ಕೇ ಸುರಿಯುವಂತೆ ಮಾಡಿ ತೋರಿಸಿದಳು. ಕಾಲು ಲೀಟರ್ ನೀರಿಗೆ ಒಂದು ಲೀಟರಿನ ಉಪ್ಪು! ಬಳಲಿದ ಕೂಸಿಗೆ ಅದು ಮದ್ದಾಗುವುದಿಲ್ಲ, ವಿಷವಾಗುತ್ತದೆ.

ಅಂದಿನಿಂದ ಕ್ರಮ ಬದಲಾಯಿತು. ಅಡುಗೆ ಎಣ್ಣೆಯ ಒಂದು ಲೀಟರಿನ ಖಾಲಿ ಬಾಟಲಿಗಳನ್ನು ಕೂಡಿಹಾಕಿ, ತೊಳೆದು, ತಾಯಂದಿರ ಕೈಗೇ ಕೊಟ್ಟು ಅಲ್ಲೇ ಕಲಸಿಸಿದೆವು. ಪೊಟ್ಟಣ ಸಿಗದ ದಿನಕ್ಕೆ ಒಂದು ಲೀಟರ್ ನೀರು, ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಇದನ್ನೂ ಬಾಯಲ್ಲಿ ಹೇಳುವ ಬದಲು ಕೈಯಲ್ಲಿ ಮಾಡಿಸಿದೆವು. ಗುಡಿಸುವ ಹೆಂಗಸೇ ನಮ್ಮ ಎರಡನೆಯ ಪ್ರೊಫೆಸ್ಸೋರಾ ಆದಳು. ಅವಳಿಂದ ಕಲಿತ ಮೊದಲ ಎರಡು ಪದ ಕೇಳಿ ನಾವು ದಂಗಾದೆವು. ನಮಸ್ಕಾರಕ್ಕೆ 'ಸಲಾಮ'. ಕೃತಜ್ಞತೆಗೆ 'ಕೊಶುಕುರು'. ಸಲಾಮ್, ಶುಕ್ರ್! ಇವುಗಳನ್ನು ಕಲಿಯಲು ಸಮುದ್ರ ದಾಟಬೇಕಿರಲಿಲ್ಲ. ಆ ಮಗು ಬದುಕ್ಕೊಂಡಿತು. ಮೂರನೆಯ ದಿನ ತಾಯಿ ಒಂದು ಮುಷ್ಟಿ ಹಸಿ ಗೋಡಂಬಿ ತಂದುಕೊಟ್ಟಳು.

ಕಾರ್ಯಾಗಾರದ ಕಥೆ ಚಿಕ್ಕದು. ಅಲ್ಲಿ ಹುಡುಗರಿಗೆ ನೀರಿನ ಕೈಪಂಪು ದುರಸ್ತಿ ಕಲಿಸುವ ಕೆಲಸ. ಸ್ಪ್ಯಾನರಿಗೂ ಬೀಗದ ಕೈಗೂ ಪೋರ್ಚುಗೀಸಿನಲ್ಲಿ ಒಂದೇ ಪದ, 'ಶಾವ್'. ನಮ್ಮ ಹುಡುಗರು ಪಾನಾ ಎನ್ನುವುದನ್ನು ಅವರು ಚಾವಿ ಎನ್ನುತ್ತಾರೆ. ಬೋಲ್ಟು ಬಿಚ್ಚುವುದನ್ನು ಕಲಿಸಲು ಭಾಷೆ ಹೆಚ್ಚು ಬೇಕಾಗಲಿಲ್ಲ. ಅಬ್ಬಾ ಫೌಂಡ್ರಿಯ ಗದ್ದಲದಲ್ಲಿ ಬಾಯಿಮಾತಿಲ್ಲದೆ ಬರೀ ಕೈಯಿಂದ ಕೆಲಸ ಹೇಳುತ್ತಿದ್ದರು. ಅದೇ ಕೈಭಾಷೆ ಅಲ್ಲಿ ನಡೆಯಿತು.

2020ರ ಮಾರ್ಚ್ ಮೊದಲ ವಾರ, ಲಾಕ್‌ಡೌನ್ ಬರುವ ಮುನ್ನ ಊರಿಗೆ ಮರಳಿದೆವು. ಅಮ್ಮಿಯ ಪ್ರಶ್ನೆ ಅಲ್ಲಿಯೇ ಇತ್ತು. ಈಗಲೂ ಅದಕ್ಕೆ ನಮ್ಮ ಬಳಿ ಪೂರ್ಣ ಉತ್ತರವಿಲ್ಲ. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಪ್ರಕಟವಾಯಿತು. ಗುತ್ತಿಗೆ ಕಾರ್ಮಿಕರು ಬೀದಿಯಲ್ಲಿ ಕುಳಿತರು. ಅದೇ ವರ್ಷ ಒಂದು ಭಾಗ ಮತ್ತೆ ಆರಂಭವಾಯಿತು. ನಾವು ಇಲ್ಲೇ ಇದ್ದಿದ್ದರೆ ಅದನ್ನು ತಡೆಯುತ್ತಿರಲಿಲ್ಲ. ಹೋಗಿ ಬಂದದ್ದರಿಂದ ಕಾರ್ಖಾನೆಗೇನೂ ಆಗಲಿಲ್ಲ. ಆದರೆ ನಮ್ಮಲ್ಲಿ ಒಂದು ಅಭ್ಯಾಸ ಉಳಿಯಿತು. ನಮ್ಮ ಕಡೆಯ ಅಡಿಕೆ ಸುಲಿಯುವ ಕೆಲಸಕ್ಕೆ, ಕಟ್ಟಡದ ಕೆಲಸಕ್ಕೆ ಬಿಹಾರ, ಒಡಿಶಾ, ಅಸ್ಸಾಮಿನಿಂದ ಕುಟುಂಬಗಳು ಬರುತ್ತಿವೆ. ಕ್ಲಿನಿಕ್ಕಿನಲ್ಲಿ ಆ ತಾಯಂದಿರೂ ಎಲ್ಲದಕ್ಕೂ ತಲೆಯಾಡಿಸುತ್ತಾರೆ. ಅವರಿಗೆ ಈಗ ಯಾರೂ 'ತಿಳಿಯಿತಾ?' ಎಂದು ಕೇಳುವುದಿಲ್ಲ. 'ಮಾಡಿ ತೋರಿಸಿ' ಎನ್ನುತ್ತೇವೆ. ಮೇಜಿನ ಮೇಲೆ ಒಂದು ನೋಟ್‌ಬುಕ್ ಇದೆ. ನೋವು, ಜ್ವರ, ನೀರು, ಮಗು, ಎಷ್ಟು ದಿನ ಎಂಬ ಐದು ಮಾತುಗಳು ಒಡಿಯಾ, ಬಂಗಾಳಿ, ಅಸ್ಸಾಮಿಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿವೆ. ಹೇಳಿಕೊಟ್ಟವರು ಆ ತಾಯಂದಿರೇ.

ಓದುಗರಲ್ಲಿ ಕಿರಿಯರು ಯಾರಾದರೂ ಸ್ವಯಂಸೇವೆಗೆ ಹೊರಡುವ ಯೋಚನೆಯಲ್ಲಿದ್ದರೆ ಹೋಗಿ ಎನ್ನುತ್ತೇವೆ. ದೂರ ಹೋಗಲಾರದವರು ತಮ್ಮ ಊರಿನ ಬಸ್ ನಿಲ್ದಾಣದ ಹಿಂದಿನ ಶೆಡ್ಡುಗಳಿಗೆ ಹೋದರೂ ಸಾಕು. ಎಲ್ಲಿಗೆ ಹೋದರೂ ಆಳುವವರ ಭಾಷೆ ಕಲಿತು ಅಲ್ಲಿಗೇ ನಿಲ್ಲಬೇಡಿ. ಕಸ ಗುಡಿಸುವವರ ಭಾಷೆಯಲ್ಲಿ ಸಲಾಮ್ ಹೇಳುವುದನ್ನು ಕಲಿಯಿರಿ. ಉಳಿದ ಪದಗಳನ್ನು ಅವರೇ ಕಲಿಸುತ್ತಾರೆ, ಮೇಲೊಂದಿಷ್ಟು ಕೊಸರನ್ನೂ ಹಾಕುತ್ತಾರೆ.